ಹೋಮ್ ಪೇಜ್ ಚೆಂದ, ಒಳಗಿನ ಪೇಜೆಲ್ಲ ಬೋಳು

ಜಾಂಗೋ (ಪೈಥಾನಲ್ಲಿ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) ಪ್ರಾಜೆಕ್ಟಿಗೆ ಹೊಸದಾಗಿ ಸೇರ್ಕೊಂಡಿದ್ದೆ. ಮೊದಲನೇ ಕೆಲಸ ಅಂತ ಕೊಟ್ಟಿದ್ದು ಟೆಂಪ್ಲೇಟ್‌ಗಳಿಗೆ, ಅಂದ್ರೆ ಪೇಜಿನ ಎಚ್‌ಟಿಎಂಎಲ್ ಅಚ್ಚುಗಳಿಗೆ, ಸ್ಟೈಲ್‌ಶೀಟ್ (ಪೇಜಿನ ಬಣ್ಣ, ವಿನ್ಯಾಸ ಹೇಳೋ ಸಿಎಸ್‌ಎಸ್ ಫೈಲ್) ಸೇರಿಸೋದು. ಇದೇನ್ ಮಹಾ, ಹೆಡ್ ಒಳಗೆ ಒಂದು ಲಿಂಕ್ ಟ್ಯಾಗ್ ಹಾಕಿದ್ರಾಯ್ತು ಅನ್ಕೊಂಡೆ, 2 ದಿನ ತಿಂತು.

ಮುಂಚೆ ಎಲ್ಲ ಬರೀ ಎಚ್‌ಟಿಎಂಎಲ್ ಫೈಲ್ ಬರೆದು ಪಕ್ಕದಲ್ಲೇ ಸಿಎಸ್‌ಎಸ್ ಫೋಲ್ಡರ್ ಇಟ್ಟು ಅಭ್ಯಾಸ ಆಗಿತ್ತಲ್ಲ, ಅದೇ ಗುಂಗಲ್ಲಿ ಬೇಸ್ ಟೆಂಪ್ಲೇಟಲ್ಲೂ (ಎಲ್ಲ ಪೇಜಿಗೂ ಆಧಾರವಾಗೋ ಅಚ್ಚು) ಸಿಎಸ್‌ಎಸ್ ಫೈಲಿನ ಪಾತ್ ಕೈಯಾರೆ ಬರೆದೆ, ಮುಂದಿನ ಸ್ಲ್ಯಾಶ್ ಇಲ್ದೆ. ಹೋಮ್ ಪೇಜ್ ಫಳಫಳ ಅಂತ ಬಂತು. ಆರ್ಡರ್ ಡೀಟೇಲ್ಸ್ ಪೇಜ್ ತೆಗೆದ್ರೆ ಬಿಳಿ ಹಾಳೆ ಮೇಲೆ ಕಪ್ಪು ಅಕ್ಷರ, ನೀಲಿ ಲಿಂಕು ಅಷ್ಟೇ. ಬೇಸ್ ಅದೇ, ಟ್ಯಾಗ್ ಅದೇ, ಆದ್ರೂ ಒಂದು ಕಡೆ ಬರುತ್ತೆ ಇನ್ನೊಂದು ಕಡೆ ಇಲ್ಲ. ಬ್ರೌಸರಿನ ಡೆವಲಪರ್ ಟೂಲ್ಸಲ್ಲಿ ನೆಟ್‌ವರ್ಕ್ ಟ್ಯಾಬ್ ನೋಡಿದ್ರೆ ಸಿಎಸ್‌ಎಸ್‌ಗೆ 200, ಅಂದ್ರೆ ಸಿಕ್ತು, ಅಂತ ಬೇರೆ ತೋರಿಸ್ತಿದೆ! 404 (ಫೈಲ್ ಸಿಗಲಿಲ್ಲ) ಬಂದಿದ್ರೆ ಐದೇ ನಿಮಿಷಕ್ಕೆ ಗೊತ್ತಾಗ್ತಿತ್ತು.

ಆಮೇಲೆ ಆ ಸಿಎಸ್‌ಎಸ್ ಅಡ್ರೆಸನ್ನೇ ಬೇರೆ ಟ್ಯಾಬಲ್ಲಿ ತೆಗೆದೆ, ನೋಡಿದ್ರೆ ಅಲ್ಲಿ ನಮ್ಮ ಸೈಟಿನ ಸರ್ಚ್ ಪೇಜ್ ಕೂತಿದೆ. ಆಗಿದ್ದೇನಂದ್ರೆ, ಟೆಂಪ್ಲೇಟ್ ಫೈಲ್ ಯಾವ ಫೋಲ್ಡರಲ್ಲಿದೆ ಅನ್ನೋದು ಬ್ರೌಸರಿಗೆ ಗೊತ್ತೇ ಇರಲ್ಲ, ಅದು ನೋಡೋದು ಅಡ್ರೆಸ್ ಬಾರಲ್ಲಿರೋ ಯುಆರ್‌ಎಲ್ ಮಾತ್ರ. ಪೇಜ್ ಆರ್ಡರ್ಸ್ ಸ್ಲ್ಯಾಶ್ 45 ಸ್ಲ್ಯಾಶ್ ಅಂತಿದ್ರೆ ಸ್ಟೈಲ್‌ಶೀಟನ್ನೂ ಅದರ ಕೆಳಗೇ ಹುಡುಕುತ್ತೆ. ಅಲ್ಲಿ ಯಾವ ಫೈಲೂ ಇಲ್ಲ, ಆದ್ರೆ ಯುಆರ್‌ಎಲ್ ಲಿಸ್ಟಿನ ಕೊನೇಲಿ ಯಾರೋ ಪುಣ್ಯಾತ್ಮರು 'ಏನೇ ಬಂದ್ರೂ ಸರ್ಚ್ ಪೇಜ್ ತೋರ್ಸು' ಅಂತ ಒಂದು ಸಾಲು ಬರೆದಿಟ್ಟಿದ್ರು, ಅದು ಖುಷಿಯಾಗಿ ಎಚ್‌ಟಿಎಂಎಲ್ ಕಳಿಸ್ತಿತ್ತು. ಸಿಎಸ್‌ಎಸ್ ಕೇಳಿದ್ದಕ್ಕೆ ಎಚ್‌ಟಿಎಂಎಲ್ ಬಂದ್ರೆ ಬ್ರೌಸರ್ ಅದನ್ನ ಹಾಕ್ಕೊಳ್ಳಲ್ಲ, ಮೈಮ್ ಟೈಪ್ (ಬಂದಿದ್ದು ಯಾವ ಬಗೆಯ ಫೈಲ್ ಅನ್ನೋ ಗುರುತು) ಸರಿ ಇಲ್ಲ ಅಂತ ಕನ್ಸೋಲಲ್ಲಿ (ಬ್ರೌಸರ್ ಎರರ್ ತೋರಿಸೋ ಜಾಗ) ಬೈದು ಸುಮ್ಮನಾಗುತ್ತೆ. ಬೈಗುಳ ಮೊದಲಿಂದ್ಲೂ ಅಲ್ಲೇ ಇತ್ತು, ನಾನು ಕನ್ಸೋಲ್ ತೆಗೆದೇ ಇರ್ಲಿಲ್ಲ.

ಪಾತ್ ಕೈಯಾರೆ ಬರೆಯೋ ಬದಲು ಜಾಂಗೋದ ಸ್ಟ್ಯಾಟಿಕ್ ಟ್ಯಾಗ್ (ಫೈಲಿನ ಪೂರ್ತಿ ಯುಆರ್‌ಎಲ್ ತಾನೇ ಬರೆಯುತ್ತೆ) ಬಳಸಿದ ಮೇಲೆ ಎಲ್ಲ ಪೇಜಲ್ಲೂ ಸರಿಹೋಯ್ತು. ಒಂದೇ ಪೇಜಿಗೆ ಬೇಕಾದ ಇನ್ನೊಂದು ಸ್ಟೈಲ್‌ಶೀಟ್ ಇತ್ತು, ಅದನ್ನ ಚೈಲ್ಡ್ ಟೆಂಪ್ಲೇಟಲ್ಲಿ (ಬೇಸ್ ಮೇಲೆ ಕಟ್ಟಿದ ಒಂದು ಪೇಜಿನ ಟೆಂಪ್ಲೇಟ್) ಬ್ಲಾಕಿನ, ಅಂದ್ರೆ ಚೈಲ್ಡ್ ತುಂಬೋಕೆ ಅಂತ ಬೇಸಲ್ಲಿ ಹೆಸರಿಟ್ಟು ಬಿಟ್ಟ ಜಾಗದ, ಹೊರಗೆ ಹಾಕ್ಬಿಟ್ಟಿದ್ದೆ. ಎಕ್ಸ್‌ಟೆಂಡ್ಸ್ (ಬೇಸನ್ನ ಆಧಾರ ಮಾಡ್ಕೋ ಅನ್ನೋ ಸಾಲು) ಇರೋ ಟೆಂಪ್ಲೇಟಲ್ಲಿ ಬ್ಲಾಕಿನ ಹೊರಗೆ ಬರೆದಿದ್ದನ್ನ ಜಾಂಗೋ ಎರರ್ ಕೂಡ ಕೊಡದೆ ಬಿಟ್ಟುಬಿಡುತ್ತೆ. ಬೇಸಿನ ಹೆಡ್ಡಲ್ಲಿ ಒಂದು ಖಾಲಿ ಬ್ಲಾಕ್ ಇಟ್ಟು, ಚೈಲ್ಡಲ್ಲಿ ಅದನ್ನ ತುಂಬಿದೆ. ಬೇಸಲ್ಲಿ ಸ್ಟ್ಯಾಟಿಕ್ ಲೋಡ್ ಮಾಡಿದ್ದು ಚೈಲ್ಡಿಗೆ ಬರಲ್ಲ, ಅಲ್ಲೂ ಮತ್ತೆ ಲೋಡ್ ಮಾಡ್ಬೇಕು.

ಸರ್ವರಿಗೆ ಹಾಕಿದ್ಮೇಲೆ ಮತ್ತೆ ಎಲ್ಲ ಬೋಳು. ಡೀಬಗ್ (ಡೆವಲಪ್ ಮಾಡೋವಾಗಿನ ಸೆಟ್ಟಿಂಗ್) ಆಫ್ ಆದ್ರೆ ಜಾಂಗೋ ತಾನಾಗಿ ಸ್ಟ್ಯಾಟಿಕ್ ಫೈಲ್ (ಸಿಎಸ್‌ಎಸ್, ಚಿತ್ರದಂಥವು) ಕೊಡಲ್ಲ, ಕಲೆಕ್ಟ್‌ಸ್ಟ್ಯಾಟಿಕ್ ಕಮಾಂಡ್ ಓಡಿಸಿ ಎಲ್ಲ ಒಂದು ಕಡೆ ಸೇರಿಸಿ ಎನ್‌ಜಿನ್ಎಕ್ಸ್ ಅನ್ನೋ ವೆಬ್ ಸರ್ವರಿಗೆ ಆ ಫೋಲ್ಡರ್ ತೋರಿಸ್ಬೇಕು, ಇಲ್ಲ ಜಾಂಗೋ ಜೊತೆಗೇ ಆ ಫೈಲ್ ಕೊಡೋ ವೈಟ್‌ನಾಯ್ಸ್ ಲೈಬ್ರರಿ ಹಾಕ್ಕೋಬೇಕು. ಅದೂ ಆಯ್ತು, ಬಣ್ಣ ಬದಲಾಯಿಸಿದ್ರೆ ಕೆಲವರಿಗೆ ಹಳೇದೇ ಕಾಣ್ತಿತ್ತು, ಬ್ರೌಸರ್ ಕ್ಯಾಶ್ (ಹಳೇ ಫೈಲನ್ನ ಎತ್ತಿಟ್ಟುಕೊಂಡಿರೋದು). ಅದಕ್ಕೆ ಜಾಂಗೋದ ಮ್ಯಾನಿಫೆಸ್ಟ್ ಸ್ಟೋರೇಜ್ ಆನ್ ಮಾಡಿದ್ವಿ. ಫೈಲಿನ ಒಳಗಿರೋದನ್ನ ನೋಡಿ 12 ಅಕ್ಷರದ ಹ್ಯಾಶ್, ಅಂದ್ರೆ ಗುರುತಿನ ಕೋಡನ್ನ, ಹೆಸರಿಗೆ ಸೇರಿಸುತ್ತೆ, ಫೈಲ್ ಬದಲಾದ್ರೆ ಹೆಸರೂ ಬದಲಾಗುತ್ತೆ.

ಆದ್ರೆ ಈಗ ಟೆಂಪ್ಲೇಟಲ್ಲಿ ಫೈಲ್ ಹೆಸರು ಒಂದಕ್ಷರ ತಪ್ಪಿದ್ರೂ ಬೋಳು ಪೇಜ್ ಅಲ್ಲ, ನೇರ 500, ಅಂದ್ರೆ ಸರ್ವರ್ ಎರರ್. ಟೀಮಲ್ಲಿ ಒಬ್ರು ಹೀಗೆ ಎರರ್ ಕೊಡೋ ಸ್ಟ್ರಿಕ್ಟ್ ಸೆಟ್ಟಿಂಗ್ ತೆಗೆದುಬಿಡೋಣ ಅಂತಾರೆ. ನಾನು ಬೇಡ ಅಂದಿದ್ದೀನಿ, ಸುಮ್ನೆ 200 ತೋರಿಸ್ಕೊಂಡು ಕೂತಿದ್ದ ಆ ಸರ್ಚ್ ಪೇಜ್ ಇನ್ನೂ ಮರೆತಿಲ್ಲ.