ಫಾಂಡೆಂಟ್ ಕೇಕೂ ನಮ್ಮ ಕರಾವಳಿಯ ಸೆಕೆಯೂ

ಟಯರ್ ಕೇಕ್, ಅಂದ್ರೆ ಒಂದರ ಮೇಲೊಂದು ಅಂತಸ್ತಾಗಿ ಜೋಡಿಸಿದ ಕೇಕ್, ಮಾಡುದು ಹೇಗೆ ಅಂತ ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಉಂಟು, ಆದ್ರೆ ಮಾಡಿದ ಕೇಕನ್ನು ಮಂಗಳೂರಿನ ಸೆಕೆಯಲ್ಲಿ ರಾತ್ರಿ ಎಲ್ಲಿ ಇಡುದು, ಮರುದಿನ ಉಡುಪಿಯ ಮದುವೆ ಹಾಲಿಗೆ ಹೇಗೆ ಮುಟ್ಟಿಸುದು ಅಂತ ಹೇಳುವವರು ಕಡಿಮೆ. ದಾರಿಯ ಹಂಪುಗಳಿಗೆ ಎಲ್ಲರೂ ಹೆದರ್ತಾರೆ. ನನ್ನ ಪ್ರಕಾರ ನಮ್ಮೂರಲ್ಲಿ ಕೇಕಿಗೆ ಅದಕ್ಕಿಂತ ದೊಡ್ಡ ಶತ್ರು ಗಾಳಿಯಲ್ಲಿರುವ ನೀರಿನ ಪಸೆ.

ಕೇಕಿನ ಮೇಲೆ ಹೊದಿಸುವ ಫಾಂಡೆಂಟ್ ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಸಕ್ಕರೆಯೇ, ಅದು ನೀರು ಎಲ್ಲಿದ್ರೂ ಎಳ್ಕೊಳ್ತದೆ. ಫ್ರಿಜ್ಜಿಂದ ತೆಗೆದ ಬಾಟ್ಲಿ ಮೇಲೆ ಎರಡೇ ನಿಮಿಷದಲ್ಲಿ ನೀರು ಕೂರ್ತದಲ್ಲ, ತಣ್ಣಗಿರುವ ಕೇಕ್ ಮೇಲೂ ಹಾಗೇ ಕೂರ್ತದೆ, ಮತ್ತೆ ಫಾಂಡೆಂಟ್ ಅಂಟಂಟಾಗಿ ಹೊಳೀಲಿಕ್ಕೆ ಶುರು, ಕೆಂಪು ಕಪ್ಪು ಬಣ್ಣ ಇದ್ರೆ ಬಿಳಿ ಮೇಲೆ ಇಳೀತದೆ. ಜೂನ್ ಜುಲೈಯಲ್ಲಂತೂ ಕೇಳುದೇ ಬೇಡ.

ಇದಕ್ಕೆ ಉಪಾಯ ಒಂದೇ, ಕೇಕನ್ನು ಮೊದ್ಲು ಬಾಕ್ಸಿಗೆ ಹಾಕಿ ಆಮೇಲೆ ಫ್ರಿಜ್ಜಲ್ಲಿಡುದು. ತೆಳು ಬೇಕರಿ ಬಾಕ್ಸ್ ಅಲ್ಲ, ದಪ್ಪ ರಟ್ಟಿನ ಕಾರ್ಟನ್, ಸಂದಿಗಳಿಗೆಲ್ಲ ಟೇಪ್, ಮೇಲಿಂದ ಕ್ಲಿಂಗ್ ಫಿಲ್ಮ್ (ಅಂಟಿಕೊಳ್ಳುವ ತೆಳು ಪ್ಲಾಸ್ಟಿಕ್) ಎರಡು ಸುತ್ತು. ಹೊರಗೆ ತೆಗೆದ ಮೇಲೆ ಓಪನ್ ಮಾಡ್ಲೇಬಾರ್ದು. ನೀರು ಕೂರುದು ಕಾರ್ಟನ್ ಮೇಲೆ, ಒಳಗಿನ ಕೇಕ್ ಎರಡು ಮೂರು ಗಂಟೆಯಲ್ಲಿ ನಿಧಾನಕ್ಕೆ ಹೊರಗಿನ ಹವೆಗೆ ಹೊಂದಿಕೊಳ್ತದೆ. ಮನೆಯವರು "ಒಮ್ಮೆ ನೋಡ್ತೇವೆ, ಒಂದು ಫೋಟೋ ಮಾತ್ರ" ಅಂತಾರೆ, ಬೇಡ ಅಂತ ಹೇಳಿ ಮಾರಾಯ್ರೆ! ಅಷ್ಟಾಗಿಯೂ ನೀರು ಕೂತ್ರೆ ಒರೆಸ್ಲಿಕ್ಕೆ ಹೋಗ್ಬೇಡಿ, ಬೆರಳಚ್ಚು ಹಾಗೇ ಉಳೀತದೆ. ಎಸಿ ರೂಮಲ್ಲಿ ಬಿಟ್ರೆ ತನ್ನಷ್ಟಕ್ಕೇ ಒಣಗ್ತದೆ. ಕ್ಲಿಂಗ್ ಫಿಲ್ಮಿಂದ ಇನ್ನೊಂದು ಲಾಭವೂ ಉಂಟು, ನಮ್ಮ ಮನೆ ಫ್ರಿಜ್ಜಲ್ಲಿ ಬಂಗುಡೆಗೆ ಮಸಾಲೆ ಹಚ್ಚಿಟ್ಟದ್ದು ಇರ್ತದೆ, ಬೆಣ್ಣೆಗೆ ಆ ವಾಸನೆ ಹಿಡಿದ್ರೆ ಹೋಗುದೇ ಇಲ್ಲ.

ಒಳಗೆ ಎಂತ ಹಾಕ್ತೀರಿ ಅನ್ನುದೂ ಮುಖ್ಯ. ಬೆಣ್ಣೆ 32ರಿಂದ 35 ಡಿಗ್ರಿಗೆ ಕರಗ್ತದೆ, ಮೇ ತಿಂಗಳಲ್ಲಿ ನಮ್ಮ ಮಧ್ಯಾಹ್ನ ಕೂಡ ಅಲ್ಲೇ ಇರುದು. ಹಾಗಾಗಿ ಬೇಸಿಗೆಯ ಮದುವೆಗೆ ನಾನು ಗನಾಶ್ (ಚಾಕೊಲೇಟಿಗೆ ಕ್ರೀಮ್ ಸೇರಿಸಿ ಮಾಡುದು) ಬಿಟ್ಟು ಬೇರೆ ಒಪ್ಪುದಿಲ್ಲ. ಡಾರ್ಕ್ ಚಾಕೊಲೇಟ್ ಆದ್ರೆ ಎರಡು ಪಾಲಿಗೆ ಒಂದು ಪಾಲು ಕ್ರೀಮ್, ವೈಟ್ ಆದ್ರೆ ಮೂರಕ್ಕೆ ಒಂದು, ಸೆಕೆ ಜಾಸ್ತಿ ಇದ್ರೆ ಚಾಕೊಲೇಟ್ ಇನ್ನೂ ಸ್ವಲ್ಪ. ಫ್ರೆಶ್ ಕ್ರೀಮ್ ಹಾಕಿದ ಟಯರ್ ಕೇಕನ್ನು ಲಾನಲ್ಲಿ ಸಂಜೆ ಇಡೀ ಇಡ್ಬೇಕು ಅಂತ ಕೇಳಿದ್ರೆ ಆಗುದಿಲ್ಲ ಅಂತ ನೇರ ಹೇಳಿಬಿಡಿ. ನೋಡ್ಲಿಕ್ಕೆ ಮಾತ್ರ ಅಲ್ಲ, ತಿಂದವರ ಹೊಟ್ಟೆಯ ಪ್ರಶ್ನೆಯೂ ಹೌದು.

ಇನ್ನು ಸಾಗಿಸುದು. ಎರಡು ಟಯರ್ ಆದ್ರೆ ಜೋಡಿಸಿಯೇ ಕೊಂಡೋಗ್ಬಹುದು, ಮೂರಾದ್ರೆ ಮೇಲಿನದ್ದು ಬೇರೆ ಬಾಕ್ಸಲ್ಲಿ, ಹಾಲಲ್ಲಿ ಜೋಡಿಸುದೇ ಒಳ್ಳೇದು. ಪ್ರತಿ ಟಯರಿನ ಅಡಿಗೆ ಅದರದ್ದೇ ಬೋರ್ಡ್ ಬೇಕು, ಕೆಳಗಿನ ಟಯರಿಗೆ ನಾಲ್ಕೈದು ಡೋವೆಲ್ (ಕೇಕಿನೊಳಗೆ ನಿಲ್ಲಿಸುವ ಗಟ್ಟಿ ಕಡ್ಡಿ), ಎಲ್ಲಾ ಒಂದೇ ಉದ್ದಕ್ಕೆ ಕಟ್ ಮಾಡಿದ್ದು. ಒಂದು ಸ್ವಲ್ಪ ಉದ್ದ ಆದ್ರೂ ಮೇಲಿನ ಕೇಕ್ ವಾಲ್ತದೆ. ಭಾರ ಹೊರುದು ಆ ಕಡ್ಡಿಗಳು, ಕೇಕ್ ಅಲ್ಲ. ಜೋಡಿಸಿ ಕೊಂಡೋಗುದಾದ್ರೆ ಒಂದು ತುದಿ ಚೂಪು ಮಾಡಿದ ಉದ್ದ ಡೋವೆಲನ್ನು ನಡುವಿಂದ ಕೆಳಗಿನ ಬೋರ್ಡ್ ತನಕ ಇಳಿಸ್ಬೇಕು, ಬ್ರೇಕ್ ಹಾಕಿದಾಗ ಮೇಲಿನ ಟಯರ್ ಜಾರದ ಹಾಗೆ ಹಿಡಿಯುದು ಅದೇ. ಗೊಂಬೆ, ಕಾರ್ ಥರದ ಸ್ಕಲ್ಪ್ಟೆಡ್ ಕೇಕಿಗೆ ಕೈ, ಬಾಲ, ಕಿವಿಯೆಲ್ಲ ಮೊದ್ಲೇ ಒಣಗಿಸಿ ಬೇರೆ ಡಬ್ಬಿಯಲ್ಲಿ ಹತ್ತಿ ಮೇಲೆ ಇಟ್ಟು, ಅಲ್ಲಿ ಹೋಗಿ ಕರಗಿಸಿದ ಚಾಕೊಲೇಟಲ್ಲಿ ಅಂಟಿಸಿ.

ಕಾರಲ್ಲಿ ಸೀಟ್ ಮೇಲೆ ಇಡ್ಲೇಬೇಡಿ, ಸೀಟ್ ಹಿಂದಕ್ಕೆ ಇಳಿಜಾರು ಇರ್ತದೆ. ಮಡಿಲಲ್ಲೂ ಬೇಡ. ಸಮತಟ್ಟಾದ ಜಾಗ ನೋಡಿ, ಅಡಿಗೆ ಜಾರದ ರಬ್ಬರ್ ಮ್ಯಾಟ್ ಹಾಸಿ. ಸೆಡಾನ್ ಕಾರಿನ ಡಿಕ್ಕಿಗೆ ಎಸಿ ಗಾಳಿ ಬರುದಿಲ್ಲ, ಅದಕ್ಕೆ ಹ್ಯಾಚ್‌ಬ್ಯಾಕಿನ ಹಿಂದಿನ ಸೀಟ್ ಮಡಚಿದ್ರೆ ಎಲ್ಲಕ್ಕಿಂತ ಒಳ್ಳೇದು. ಕೇಕ್ ಇಡುವ ಹತ್ತು ನಿಮಿಷ ಮೊದ್ಲೇ ಎಸಿ ಹಾಕಿ. ಸುರತ್ಕಲ್, ಮೂಲ್ಕಿ, ಪಡುಬಿದ್ರೆ, ಕಾಪು ದಾಟಿ ಹೋಗುವ ಹೈವೇಯಲ್ಲಿ ಅಂಥ ತೊಂದ್ರೆ ಇಲ್ಲ, ಸರ್ವಿಸ್ ರೋಡಿಗೆ ಇಳಿದು ಹಾಲಿನ ಗಲ್ಲಿಗೆ ತಿರುಗುವ ಕೊನೆಯ ಸ್ವಲ್ಪ ದೂರದಲ್ಲೇ ಗುಂಡಿ ಹಂಪು ಎಲ್ಲ, ಅಲ್ಲಿ ಡ್ರೈವರಣ್ಣನಿಗೆ ಹಿಂದಿನವರು ಎಷ್ಟು ಹಾರ್ನ್ ಹಾಕಿದ್ರೂ ನಿಧಾನ ಹೋಗಿ ಅಂತ ಮೊದ್ಲೇ ಹೇಳಿಟ್ಟಿರ್ಬೇಕು.

ಹಾಲಲ್ಲಿ ಟೇಬಲ್ ಅಲ್ಲಾಡ್ತದಾ ನೋಡಿ, ಸ್ಟೇಜ್ ಲೈಟ್ ಹತ್ತಿರ ಬೇಡ. ಹೊರಡುವ ಮುಂಚೆ ಕೇಟರಿಂಗಿನವರಲ್ಲಿ ಯಾರಾದ್ರೂ ಒಬ್ಬರನ್ನು ಕರೆದು ಡೋವೆಲ್ ಎಷ್ಟು ಉಂಟು, ಯಾವ ಹೂವಿಗೆ ತಂತಿ ಉಂಟು ಅಂತ ತೋರಿಸಿ, ಮಕ್ಕಳ ತಟ್ಟೆಗೆ ಹೋಗುವ ಮೊದ್ಲು ಎಲ್ಲಾ ತೆಗೀಲಿಕ್ಕೆ ಹೇಳಿ ಬನ್ನಿ.