ಬ್ರಾಕೆಟ್ಟಿನೊಳಗಿನ ಗಣೇಶನ ಗುಡಿ

18 ಸೆಪ್ಟೆಂಬರ್ 2025, ಗುರುವಾರ
ಬೆಂಗಳೂರು

ಬೆಂಗಳೂರಿನ ವಿಳಾಸಕ್ಕೆ ಮೇನು, ಕ್ರಾಸು ಬರೆದರೆ ಸಾಲದು. ಕೊನೆಗೆ ಬ್ರಾಕೆಟ್ಟಿನಲ್ಲಿ "ಗಣೇಶನ ಗುಡಿ ಎದುರು" ಅಂತ ಇರಲೇಬೇಕು. ಇವತ್ತು ನಮ್ಮ ಸರ್ವರ್ ಮಲಗಿದ್ದು ಆ ಬ್ರಾಕೆಟ್ಟಿನಿಂದ.

ವಿಳಾಸ ಸರಿಯಿದೆಯಾ ಅಂತ ನೋಡಲು ಒಂದು ಹಳೇ ರೆಜೆಕ್ಸ್ ಇದೆ, ಅಂದರೆ ಬರಹ ಹೀಗೇ ಇರಬೇಕು ಅಂತ ಹೇಳುವ ಒಂದು ಚಿಕ್ಕ ಸೂತ್ರ. ಬರೆದವರು ಯಾವತ್ತೋ ಕೆಲಸ ಬಿಟ್ಟಿದ್ದಾರೆ. ಅಕ್ಷರ, ಅಂಕಿ, ಕಾಮಾಗಳ ಒಂದು ಗುಂಪು, ಬೇಕಿದ್ದರೆ ಒಂದು ಸ್ಪೇಸ್, ಇದೇ ಮತ್ತೆ ಮತ್ತೆ. ನೋಡಿದರೆ ತುಂಬಾ ಸಾಧು. ಆದರೆ ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ನಮ್ಮ ಕೋಡ್ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದೇ ಸಾಲಿನಲ್ಲಿ ಓಡುತ್ತದೆ. ಒಬ್ಬರ ವಿಳಾಸ ಸಿಕ್ಕಿಹಾಕಿಕೊಂಡರೆ ಮಿಕ್ಕವರೆಲ್ಲ ಕಾಯಬೇಕು.

ಟೀಮಿಗೆ ಹೊಸದಾಗಿ ಬಂದ ಹುಡುಗಿ ಬೋರ್ಡಿನ ಮೇಲೆ (ಅ+)+ ಅಂತ ಬರೆದಳು. ಪ್ಲಸ್ ಅಂದರೆ ಒಂದು ಅಥವಾ ಹೆಚ್ಚು ಸಲ. "ನಮ್ಮದೂ ಇದೇ ಅಲ್ವಾ ಅಕ್ಕ?" ಅಂದಳು. ಹೌದು, ಇದೇ. ಸ್ಪೇಸ್ ಇಲ್ಲದಿದ್ದರೂ ನಡೆಯುವುದರಿಂದ ಒಂದೇ ಪದವನ್ನು ಎಷ್ಟು ಗುಂಪಾಗಿ ಬೇಕಾದರೂ ಒಡೆಯಬಹುದು. ಮೂರು ಅಕ್ಷರವಿದ್ದರೆ ಅದನ್ನು ಅಅಅ, ಅಅ-ಅ, ಅ-ಅಅ, ಅ-ಅ-ಅ ಅಂತ ನಾಲ್ಕು ಥರ ಒಡೆಯಬಹುದು. ಒಂದು ಅಕ್ಷರ ಹೆಚ್ಚಿದರೆ ದಾರಿಗಳು ಎರಡರಷ್ಟು. 30 ಅಕ್ಷರಕ್ಕೆ 53 ಕೋಟಿಗೂ ಜಾಸ್ತಿ. ವಿಳಾಸ ಸರಿಯಿದ್ದರೆ ಮೊದಲ ದಾರಿಯಲ್ಲೇ ಕೆಲಸ ಮುಗಿಯುತ್ತದೆ. ಕೊನೆಯಲ್ಲಿ ಬೇಡದ ಬ್ರಾಕೆಟ್ ಬಂದರೆ, "ಇಲ್ಲ" ಅನ್ನುವ ಮುಂಚೆ ಅಷ್ಟನ್ನೂ ತಡಕಬೇಕು.

"200 ಅಕ್ಷರಕ್ಕಿಂತ ಜಾಸ್ತಿ ಬೇಡ ಅಂತ ಹಾಕಿ, ಮುಗೀತು" ಅಂದರು ಮ್ಯಾನೇಜರ್.

"30 ಸಾಕಲ್ಲ ಸರ್, ಬೀಳಿಸೋಕೆ" ಅಂದಳು ಹುಡುಗಿ. ಅವರು ಸುಮ್ಮನಾದರು.

ಇಂಥ ಸೂತ್ರಗಳ ಗಣಿತ ಕಲಿಸುವ ಆಟೋಮ್ಯಾಟಾ ಪಾಠದಲ್ಲಿ (ಅ+)+ ಮತ್ತು ಅ+ ಎರಡೂ ಒಂದೇ. ಒಪ್ಪುವ ಪದಗಳೂ ಅವೇ, ಬಿಡುವ ಪದಗಳೂ ಅವೇ. ಪರೀಕ್ಷೆಯಲ್ಲಿ ಸಮ ಅಂತ ತೋರಿಸಿದರೆ ಅಂಕ ಬರುತ್ತದೆ. ಸರ್ವರಿನಲ್ಲಿ ಒಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಇನ್ನೊಂದು ಊಟದ ಹೊತ್ತಾದರೂ ಮುಗಿಯಲ್ಲ. ಆ ಸಮ ಚಿಹ್ನೆ ಹೊತ್ತಿನ ಲೆಕ್ಕ ಇಡುವುದಿಲ್ಲ. ಆದರೂ ಹಳೇ ರೆಜೆಕ್ಸ್ ಕಿತ್ತು ಹೊಸದು ಹಾಕುವ ಧೈರ್ಯ ಕೊಟ್ಟಿದ್ದು ಅದೇ. ಲಕ್ಷಗಟ್ಟಲೆ ಹಳೇ ವಿಳಾಸಗಳಲ್ಲಿ ಒಂದೂ ತಪ್ಪಾಗಲ್ಲ ಅಂತ ಟೆಸ್ಟ್ ಓಡಿಸುವ ಮೊದಲೇ ಗೊತ್ತಿತ್ತು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1968ರಲ್ಲೇ ಇದಕ್ಕೆ ದಾರಿ ತೋರಿಸಿದ್ದರು. ಒಂದೊಂದೇ ದಾರಿ ಹಿಡಿದು ಹಿಂದೆ ಬರುವುದು ಬೇಡ, ಎಲ್ಲ ಸಾಧ್ಯತೆಗಳನ್ನೂ ಒಟ್ಟಿಗೆ ಇಟ್ಟುಕೊಂಡು ಪ್ರತಿ ಅಕ್ಷರವನ್ನು ಒಂದೇ ಸಲ ಓದಿ. ಗೋ ಭಾಷೆಯ ಲೈಬ್ರರಿ ಹಾಗೇ ಮಾಡುತ್ತದೆ. ಜಾವಾಸ್ಕ್ರಿಪ್ಟ್, ಜಾವಾ, ಪೈಥಾನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹಿಂದೆ ಮುಂದೆ ಓಡಾಡುವ ಎಂಜಿನ್. ಮೊದಲು ಸಿಕ್ಕ ತುಂಡೇ ಮುಂದೆಯೂ ಬರಬೇಕು ಅಂತ ಕೇಳುವ ಬ್ಯಾಕ್‌ರೆಫರೆನ್ಸ್ ಥರದ ಸೌಲಭ್ಯಗಳು ಅದರಲ್ಲಿ ಸಲೀಸು. ನಮ್ಮ ಕೋಡ್ ಪೂರ್ತಿ ಹುಡುಕಿದೆ, ಯಾರೂ ಅದನ್ನು ಬಳಸಿಯೇ ಇಲ್ಲ. ಬೀಗ ಹಾಕಿಟ್ಟ ರೂಮಿಗೆ ಬಾಡಿಗೆ ಕಟ್ಟುತ್ತಿದ್ದೇವೆ.

ದೊಡ್ಡವರೂ ಬಿದ್ದಿದ್ದಾರೆ. 2019ರ ಜುಲೈ 2ರಂದು, ಬೇರೆಯವರ ವೆಬ್‌ಸೈಟ್ ಕಾಯುವ ಕಂಪನಿ ಕ್ಲೌಡ್‌ಫ್ಲೇರ್ 27 ನಿಮಿಷ ಒಂದು ರೆಜೆಕ್ಸ್‌ನಿಂದ ಕೈಕೊಟ್ಟಿತ್ತು. 2016ರಲ್ಲಿ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟ್ ಸ್ಟಾಕ್ ಓವರ್‌ಫ್ಲೋ 34 ನಿಮಿಷ ಮಲಗಿದ್ದು ಸಾಲಾಗಿ ಸುಮಾರು 20,000 ಖಾಲಿ ಜಾಗಗಳಿದ್ದ ಒಂದು ಪೋಸ್ಟ್‌ನಿಂದ. ಅದು ಬರೀ ಎನ್ ಸ್ಕ್ವೇರ್, ಅಂದರೆ ಉದ್ದ ಎರಡರಷ್ಟಾದರೆ ಕೆಲಸ ನಾಲ್ಕರಷ್ಟು! ಪುಸ್ತಕದಲ್ಲಿ ಎನ್ ಸ್ಕ್ವೇರ್ ಅಂದರೆ ಒಳ್ಳೇ ಹುಡುಗ. ಆದರೆ 20,000ಕ್ಕೆ ಅದು, ಸ್ಕ್ವೇರಿನ ಅರ್ಧವೇ ಆದರೂ, ಸುಮಾರು 20 ಕೋಟಿ ಸಲ ನೋಡುವ ಕೆಲಸ.

ಹೊಸ ರೆಜೆಕ್ಸ್ ಅವಳೇ ಬರೆದಳು. ಮೊದಲು ಒಂದು ಗುಂಪು, ಆಮೇಲೆ "ಸ್ಪೇಸ್ ಮತ್ತು ಗುಂಪು" ಎಷ್ಟು ಸಲ ಬೇಕಾದರೂ. ಸ್ಪೇಸ್ ಕಡ್ಡಾಯವಾದ ಕೂಡಲೇ ಒಡೆಯಲು ಒಂದೇ ದಾರಿ ಉಳಿಯಿತು. ವಿಳಾಸ ಖಾಲಿ ಬಿಟ್ಟರೆ, ಕೊನೆಗೆ ಸ್ಪೇಸ್ ಇದ್ದರೆ ಏನು ಅನ್ನುವುದನ್ನೂ ಮರೆಯಲಿಲ್ಲ. ಬ್ರಾಕೆಟ್ಟಿಗೆ ಅನುಮತಿ ಕೊಡುವುದು ಬೇರೆ ಬದಲಾವಣೆ, ಅದನ್ನು ಬೇರೆ ಕಮಿಟ್‌ನಲ್ಲೇ ಹಾಕಿದಳು. ಸಂಜೆ ಟೀ ಹೊತ್ತಿಗೆ ಎರಡೂ ಲೈವ್ ಆದವು.

ನಾಳೆ ಇಮೇಲ್ ನೋಡುವ ರೆಜೆಕ್ಸ್ ತೆಗೀತಾಳಂತೆ. ಅದರಲ್ಲೂ ಪ್ಲಸ್ಸಿನೊಳಗೆ ಪ್ಲಸ್ ಇದೆ.