ಬ್ರೂಗಲ್‌ನ ‘ರೈತರ ಕುಣಿತ’: ಮೊದಲು ಪಾದ ನೋಡಿ

ನೆದರ್ಲೆಂಡ್ಸ್ ಸೀಮೆಯ ಚಿತ್ರಕಾರ ಹಿರಿಯ ಪೀಟರ್ ಬ್ರೂಗಲ್ ಸುಮಾರು 1568ರಲ್ಲಿ ಬಿಡಿಸಿದ ಈ ಚಿತ್ರವನ್ನು ಹೆಚ್ಚಿನವರು ನೀತಿಪಾಠದಿಂದ ಶುರುಮಾಡಿ ಓದುತ್ತಾರೆ: ಕುಡಿತ, ಚುಂಬನ, ಚರ್ಚಿಗೆ ತಿರುಗಿಸಿದ ಬೆನ್ನು. ಅದನ್ನು ಕೊನೆಗಿಡಿ. ಮೊದಲು ಪಾದಗಳನ್ನು ನೋಡಿ.

ಮೂಲ ಚಿತ್ರ ವಿಯೆನ್ನಾದಲ್ಲಿದೆ. ಓಕ್ ಹಲಗೆಯ ಮೇಲೆ ಎಣ್ಣೆಬಣ್ಣ, 114 ಸೆಂ.ಮೀ. ಎತ್ತರ, 164 ಸೆಂ.ಮೀ. ಅಗಲ. ಮೊಬೈಲಿನಲ್ಲಿ ಹಿಂದಿನ ಜೋಡಿಗಳ ಕಾಲು ಸರಿಯಾಗಿ ಕಾಣುವುದಿಲ್ಲ, ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. 42 ಸೆಂ.ಮೀ. ಅಗಲಕ್ಕೆ 29.2 ಸೆಂ.ಮೀ. ಎತ್ತರ ಬರುತ್ತದೆ, ಹಾಳೆಗೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಅಂಚು ಕತ್ತರಿಸದಂತೆ ಹೇಳಿ. ಮೇಲೊಂದು ಟ್ರೇಸಿಂಗ್ ಹಾಳೆ ಇಟ್ಟು, ಮೈಭಾರ ಹೊತ್ತ ಪಾದಕ್ಕೆ ಚುಕ್ಕಿ, ಎತ್ತಿದ ಪಾದಕ್ಕೆ ಸೊನ್ನೆ ಹಾಕಿ. ಬಲಗಡೆಯ ದೊಡ್ಡ ಜೋಡಿ ಇನ್ನೂ ಕುಣಿಯುತ್ತಿಲ್ಲ, ಓಡಿ ಬರುತ್ತಿದೆ ಎನ್ನುವುದು ಆಗ ಸ್ಪಷ್ಟವಾಗುತ್ತದೆ. ಕುಣಿತ ನಡೆದಿರುವುದು ನಡುವೆ, ಅವರ ಹಿಂದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಎತ್ತಿದ ಒಂದು ಕಾಲನ್ನು ಹಿಡಿದು ಇಡೀ ಹೆಜ್ಜೆಯನ್ನೇ ಊಹಿಸುವುದು. ಚಿತ್ರದಲ್ಲಿರುವುದು ಒಂದೇ ಕ್ಷಣ. ಅದರಿಂದ ತಾಳ ಹುಟ್ಟುವುದಿಲ್ಲ. ಯಕ್ಷಗಾನ ನೋಡಿ ಬೆಳೆದ ಕಣ್ಣು ಚೆಂಡೆ ಮದ್ದಳೆ ಹುಡುಕುತ್ತದೆ, ಇಲ್ಲಿ ಅವಿಲ್ಲ. ಎಡಗಡೆ ಬೆಂಚಿನ ಮೇಲೆ ಕೂತ ಬ್ಯಾಗ್‌ಪೈಪಿನವನೊಬ್ಬನೇ. ಅವನು ಬಾಯಿಂದ ಊದಿ ಚೀಲ ತುಂಬಿಸಿ, ತೋಳಿನಿಂದ ಅದನ್ನು ಒತ್ತುತ್ತಾನೆ. ಉಸಿರೆಳೆಯುವಾಗಲೂ ನಾದ ನಿಲ್ಲುವುದಿಲ್ಲ. ಭುಜದ ಮೇಲಿನ ಎರಡು ಉದ್ದ ಕೊಳವೆಗಳು ಶ್ರುತಿ ಹಿಡಿಯುತ್ತವೆ. ನಾಗಸ್ವರಕ್ಕೆ ಶ್ರುತಿ ಕೊಡಲು ಇನ್ನೊಬ್ಬರು ಬೇಕು, ಇವನಿಗೆ ಬೇಡ. ನಾಲಿಗೆಯಿಂದ ಸ್ವರ ಕತ್ತರಿಸಲು ಬಾರದ ವಾದ್ಯವಿದು, ಬೆರಳುಗಳೇ ಸ್ವರ ಬಿಡಿಸಬೇಕು. ಹಾಗಾಗಿ ಕುಣಿತದ ಪೆಟ್ಟು ನೆಲಕ್ಕೆ ಬೀಳುವ ಪಾದಗಳಿಂದಲೂ ಕೇಳುತ್ತಿತ್ತು ಎಂದೇ ನನ್ನ ಓದು. ಬ್ರೂಗಲ್ ಪಾದಗಳಿಗೆ ಅಷ್ಟು ತೂಕ ಕೊಟ್ಟದ್ದು ಸುಮ್ಮನೆ ಅಲ್ಲ.

ಇನ್ನು ನೀತಿಯ ಮಾತು. ಮಂಗಳೂರಿನ ಅಲೋಶಿಯಸ್ ಚಾಪೆಲಿನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ ಬಿಡಿಸಿದ ಧಾರ್ಮಿಕ ಚಿತ್ರ ನೋಡಿದವರಿಗೆ ಪ್ರತಿ ವಸ್ತುವಿಗೂ ಅರ್ಥ ಹುಡುಕುವ ಅಭ್ಯಾಸ ಇರುತ್ತದೆ. ಇಲ್ಲೂ ಅಂಥವಿವೆ: ವಾದಕನ ಪಕ್ಕದವನ ಟೋಪಿಯಲ್ಲಿ ಒಣಜಂಬದ ಗುರುತಾದ ನವಿಲುಗರಿ, ಬಲಗಡೆ ಮರಕ್ಕೆ ತೂಗಿದ, ಯಾರೂ ನೋಡದ ಮೇರಿಮಾತೆಯ ಚಿತ್ರ. ಅವನ್ನು ಕಡೆಗಣಿಸುವಂತಿಲ್ಲ. ಆದರೆ ಇದು ಚರ್ಚಿನ ಹಬ್ಬದ ಜಾತ್ರೆ. ಕಾರ್ಕಳದ ಅತ್ತೂರು ಚರ್ಚಿನ ಹಬ್ಬಕ್ಕೆ ಹೋದವರಿಗೆ ಒಳಗಿನ ಪ್ರಾರ್ಥನೆ, ಹೊರಗಿನ ಸಂತೆ ಎರಡೂ ಒಂದೇ ದಿನದವು ಎಂದು ಗೊತ್ತು. ಕುಣಿಯುವವರು ಪರಸ್ಪರ ಮುಖ ನೋಡುತ್ತಾರೆ. ಚರ್ಚಿಗೆ ಬೆನ್ನಾಯಿತೆಂದ ಮಾತ್ರಕ್ಕೆ ಭಕ್ತಿ ಇಲ್ಲವೆಂದಲ್ಲ.

ಪಕ್ಕದಲ್ಲೇ ಅವನ 1566ರ ‘ಮದುವೆ ಕುಣಿತ’ ಇಡಿ, ಅದು ಡೆಟ್ರಾಯಿಟ್‌ನಲ್ಲಿದೆ. ಅದರಲ್ಲಿ ನಾವು ಮೇಲಿನಿಂದ ಸುಮಾರು 125 ಜನರ ಗುಂಪನ್ನು ನೋಡುತ್ತೇವೆ. ‘ರೈತರ ಕುಣಿತ’ದಲ್ಲಿ ಕುಣಿಯುವವರ ಮಟ್ಟಕ್ಕೇ ಇಳಿದಿದ್ದೇವೆ.